ಸೋಂಕು ಸಮಿತಿಯ ಶಾಲು

ನಿವೃತ್ತಿಯಾಗಿ ಆರು ತಿಂಗಳು ರೋಣದ ಮನೆಯಲ್ಲಿ ಕೂತು ಟೀವಿ ನೋಡಿದೆ. ಮೂವತ್ತು ವರ್ಷಕ್ಕೂ ಮೇಲೆ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದವಳಿಗೆ ಧಾರಾವಾಹಿಯ ಅತ್ತೆ ಸೊಸೆಯರ ಜಗಳದಲ್ಲಿ ಮನಸ್ಸು ನಿಲ್ಲಲಿಲ್ಲ. ಅಷ್ಟರಲ್ಲಿ ನರಗುಂದದ ಹೊರವಲಯದ ಒಂದು ವೃದ್ಧಾಶ್ರಮದಿಂದ ಕರೆ ಬಂತು. ಕರೋನಾ ಬಂದು ಹೋದ ಮೇಲೆ ಯಾರೋ ತಪಾಸಣೆಗೆ ಬಂದವರು ಇಲ್ಲೊಂದು ಸೋಂಕು ನಿಯಂತ್ರಣ ಸಮಿತಿ ಇರಬೇಕು ಅಂತ ಹೇಳಿ ಹೋಗಿದ್ದರಂತೆ. ಸಮಿತಿ ಆಗಲೇ ತಯಾರಾಗಿತ್ತು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಸಹಕಾರ್ಯದರ್ಶಿ ಎಲ್ಲರೂ ನೇಮಕವಾಗಿದ್ದರು, ಬಾಗಿಲ ಮೇಲೆ ಅವರ ಹೆಸರಿನ ಬೋರ್ಡೂ ಏರಿತ್ತು. ಸೋಂಕು ಅಂದರೇನು ಅಂತ ಗೊತ್ತಿರುವ ಒಬ್ಬರು ಮಾತ್ರ ಕಡಿಮೆ ಬಿದ್ದಿದ್ದರು.

ಹಾಗೆ ನಾನು ಹೋದೆ. ಮೊದಲ ದಿನವೇ ಸಭೆ. ಆಶ್ರಮದ ಅಧ್ಯಕ್ಷರು ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ದೊಡ್ಡ ಸಾವುಕಾರರು, ಸಮಿತಿಗೂ ಅವರೇ ಅಧ್ಯಕ್ಷರು. ಅವರು ನನಗೆ ಶಾಲು ಹೊದಿಸಿ, ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಫೋಟೋ ತೆಗೆಯುವವನ ಕಡೆಗೆ ನನ್ನ ಭುಜ ತಿರುಗಿಸಿದರು. ಮರೂನ್ ಬಣ್ಣದ ಶಾಲು, ಅಂಚಿಗೆ ಜರಿ. ಆಮೇಲೆ ಕೈ ತೊಳೆಯುವ ಪ್ರಾತ್ಯಕ್ಷಿಕೆ ನಡೆಯಿತು. ನಳದಲ್ಲಿ ನೀರು ಇರಲಿಲ್ಲ. ಅಧ್ಯಕ್ಷರು ಅದಕ್ಕೇನೂ ಬೇಸರಪಡಲಿಲ್ಲ, ಒಣ ಕೈಗೆ ಒಣ ಸೋಪು ತಿಕ್ಕಿಕೊಂಡು ಕ್ಯಾಮೆರಾ ನೋಡಿ ನಕ್ಕರು. ಒಂದು ತಾಸು ಭಾಷಣಗಳು ಮುಗಿದು ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಮ್ಯಾನೇಜರ್ ಹಿಂದಿನಿಂದ ಬಂದು ನನ್ನ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ಎತ್ತಿಕೊಂಡ. ನಾಳೆ ಇನ್ನೊಂದು ಕಾರ್ಯಕ್ರಮ ಇದೆ ಅಂದ. ನಿಂಬೆಹಣ್ಣು ಮಾತ್ರ ನನಗೆ ಬಿಟ್ಟ.

ಈ ಶಾಲುಗಳ ಸಂಸಾರ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಆಫೀಸಿನ ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಏಳೆಂಟು ಶಾಲು. ಸುತ್ತಲಿನ ಊರುಗಳಲ್ಲಿ ಯಾರದೇ ಹುಟ್ಟುಹಬ್ಬ ಇರಲಿ, ಮದುವೆಯ ವಾರ್ಷಿಕೋತ್ಸವ ಇರಲಿ, ತೀರಿಹೋದ ತಂದೆಯ ಪುಣ್ಯತಿಥಿ ಇರಲಿ, ಮಂದಿ ಗಾಡಿ ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಬಂದವರು ಮೊದಲು ನಾಲ್ಕು ಮಂದಿ ಹಿರಿಯರಿಗೆ ಶಾಲು ಹೊದಿಸಬೇಕು. ಆಮೇಲೆ ಆಶ್ರಮದವರು ಬಂದವರಿಗೆ ಶಾಲು ಹೊದಿಸಬೇಕು. ಎರಡೂ ಕಡೆಗೆ ಟ್ರಂಕು ಒಂದೇ. ಬಂದವರಲ್ಲಿ ಮರ್ಯಾದಸ್ಥರು ಹೋಗುವಾಗ ತಮ್ಮ ಶಾಲು ಬಿಚ್ಚಿ, ನಮಗ್ಯಾಕೆ, ಹಿರಿಯರಿಗೆ ಹೊದಿಸಿರಿ ಅಂತ ಕೊಟ್ಟುಹೋಗುತ್ತಿದ್ದರು. ಹಿರಿಯರ ಹೆಗಲ ಮೇಲಿನದನ್ನು ಮ್ಯಾನೇಜರ್ ಎತ್ತಿಕೊಳ್ಳುತ್ತಿದ್ದ. ಒಂದು ಶಾಲು ವಾರಕ್ಕೆ ನಾಲ್ಕೈದು ಹೆಗಲು ಕಾಣುತ್ತಿತ್ತು. ಇವನ್ನು ಯಾವಾಗ ತೊಳೆಸುತ್ತೀರಿ ಅಂತ ಕೇಳಿದೆ. ತೊಳೆದರೆ ಜರಿ ಕಪ್ಪಾಗುತ್ತದೆ ಅಂದ. ಸೋಂಕು ನಿಯಂತ್ರಣದ ಪುಸ್ತಕದಲ್ಲಿ ಜರಿಯ ಬಗ್ಗೆ ಏನೂ ಬರೆದಿರಲಿಲ್ಲವಾದ್ದರಿಂದ ನಾನು ಆ ದಿನ ಸುಮ್ಮನಾದೆ.

ನನ್ನ ಯುದ್ಧ ಆಗ ಚಮಚದ ಮೇಲೆ ನಡೆದಿತ್ತು. ಹುಟ್ಟುಹಬ್ಬದವರು ಗೋಧಿ ಹುಗ್ಗಿ ಮಾಡಿಸಿಕೊಂಡು ಬರುತ್ತಿದ್ದರು. ಹಿರಿಯರಿಗೆ ಅದನ್ನು ತಾಟಿನಲ್ಲಿ ಹಾಕಿಕೊಟ್ಟರೆ ಪುಣ್ಯ ಬರುವುದಿಲ್ಲವೇನೋ, ಕೈಯಾರೆ ತಿನಿಸಲೇಬೇಕು. ಒಂದು ಬೋಗುಣಿ, ಒಂದು ಚಮಚ, ಸಾಲಾಗಿ ಕೂತ ಇಪ್ಪತ್ತೆರಡು ಬಾಯಿ. ಮೊದಲ ಅಜ್ಜನಿಗೆ ಕೆಮ್ಮಿದ್ದರೆ ಇಪ್ಪತ್ತೆರಡನೆಯ ಅಜ್ಜಿಯ ತನಕ ಅದು ಹುಗ್ಗಿಯ ಜೊತೆ ಸಿಹಿಯಾಗಿ ತಲುಪುತ್ತಿತ್ತು. ನಾನು ಹಟ ಹಿಡಿದು ಎಲ್ಲರಿಗೂ ಬೇರೆ ಬೇರೆ ಚಮಚ ತರಿಸಿದೆ. ದಾನಿಗಳ ಮುಖ ಸಣ್ಣದಾಯಿತು. ಚಮಚ ಬದಲಿಸುವಷ್ಟರಲ್ಲಿ ಫೋಟೋದ ಭಾವನೆ ಹೋಗುತ್ತದೆ ಅಂತ ಕೊಣ್ಣೂರಿನಿಂದ ಬಂದ ಒಬ್ಬ ಗೃಹಸ್ಥರು ಅಧ್ಯಕ್ಷರಿಗೆ ದೂರು ಕೊಟ್ಟರು. ಕಡೆಗೆ ರಾಜಿಯಾಯಿತು. ಫೋಟೋಕ್ಕೆ ಒಂದೇ ಚಮಚ ಬಾಯಿಯ ಹತ್ತಿರ ಹಿಡಿಯುವುದು, ತಿನ್ನುವುದು ಅವರವರ ಚಮಚದಿಂದ. ಅಜ್ಜ ಅಜ್ಜಿಯರಿಗೆ ಇದು ತಿಳಿಯಲಿಲ್ಲ. ಬಾಯಿ ತೆರೆದವರ ಮುಂದಿನಿಂದ ಹುಗ್ಗಿ ಹಿಂದೆ ಹೋಗುವುದನ್ನು ಅವರು ಮೋಸವೆಂದೇ ತಿಳಿದರು, ಬೈಗುಳ ನನಗೆ ಬಿತ್ತು.

ಉಳಿದ ಪ್ರಗತಿಯನ್ನೂ ಹೇಳಬೇಕು. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿಗೆ ಕಾಲಿನಿಂದ ಒತ್ತುವ ಸ್ಟ್ಯಾಂಡು ಇತ್ತು. ಅದರೊಳಗೆ ಏನೂ ಇರಲಿಲ್ಲ. ಆದರೂ ಬಂದವರೆಲ್ಲ ಭಕ್ತಿಯಿಂದ ಒತ್ತಿ, ಒಣ ಅಂಗೈ ತಿಕ್ಕಿಕೊಂಡು ಒಳಗೆ ಬರುತ್ತಿದ್ದರು. ಮಹಾನವಮಿಗೆ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದರು. ಹಿರಿಯರ ಊಟಕ್ಕೂ ಸ್ನಾನಕ್ಕೂ ಇದ್ದ ಆಯಾ ಬೆಳಿಗ್ಗೆ ಎಂಟಕ್ಕೆ ಹಾಕಿಕೊಂಡ ಗ್ಲೌಸನ್ನು ಸಂಜೆ ಬಿಚ್ಚುತ್ತಿದ್ದಳು. ಅದೇ ಕೈಯಿಂದ ಒಬ್ಬರ ಹಾಸಿಗೆ ಒರೆಸಿ, ಇನ್ನೊಬ್ಬರ ಮುಖ ಒರೆಸಿ, ತನಗೆ ಮಾತ್ರ ಏನೂ ತಗುಲಲಿಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದಳು. ಹೋಗುವ ಮುಂಚೆ ಗ್ಲೌಸ್ ತೊಳೆದು ಹಗ್ಗಕ್ಕೆ ಹಾಕುತ್ತಿದ್ದಳು. ನಾನು ಅವನ್ನು ಕತ್ತರಿಯಿಂದ ಕತ್ತರಿಸಿ ಬಿಸಾಡಿದ ದಿನ ಅವಳು ಮಧ್ಯಾಹ್ನ ಊಟ ಮಾಡಲಿಲ್ಲ.

ಇಂಥ ಜಾಗದಲ್ಲಿ ನನಗೆ ಮನುಷ್ಯರ ಹಾಗೆ ಮಾತಾಡಲು ಸಿಕ್ಕವರು ಗಜೇಂದ್ರಗಡದ ಅಜ್ಜಿ, ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ಎಪ್ಪತ್ತೈದು ದಾಟಿದ್ದ ಅವರು ಕೈಮಗ್ಗದಲ್ಲಿ ಸೀರೆ ನೇಯ್ದು ಬದುಕಿದವರು. ಮಗ್ಗ ನಿಂತ ಮೇಲೆ, ಒಂದೇ ಖೋಲಿಯಲ್ಲಿ ಆರು ಮಂದಿ ಇದ್ದ ಅಣ್ಣನ ಮಗನ ಮನೆಗೆ ಭಾರವಾಗಬಾರದೆಂದು ತಾವೇ ಬಸ್ ಹತ್ತಿ ಬಂದಿದ್ದರು. ಅವರ ಖೋಲಿಯಲ್ಲಿ ಇನ್ನೊಬ್ಬರಿದ್ದರು, ಕೊಣ್ಣೂರು ಕಡೆಯ ಅಜ್ಜಿ, ಎರಡೂ ಕಣ್ಣು ಕಾಣುತ್ತಿರಲಿಲ್ಲ. ಆಯಿ ದಿನಾ ಬೆಳಿಗ್ಗೆ ಅವರ ತಲೆ ಬಾಚಿ, ರೊಟ್ಟಿ ಮುರಿದು ಚಟ್ನಿ ಯಾವ ಕಡೆ, ಪಲ್ಯ ಯಾವ ಕಡೆ ಅಂತ ಕೈಹಿಡಿದು ತೋರಿಸುತ್ತಿದ್ದರು. ಕಣ್ಣಿಲ್ಲದ ಅಜ್ಜಿ ಬೇರೆ ಯಾರು ತೋರಿಸಿದರೂ ನಂಬುತ್ತಿರಲಿಲ್ಲ. ಹುಗ್ಗಿಯ ಚಮಚ ಹಿಂದೆ ಹೋದ ಮೇಲಂತೂ ನನ್ನನ್ನು ಒಂದಿಷ್ಟೂ ನಂಬಲಿಲ್ಲ.

ಒಮ್ಮೆ ಒಂದು ಕಾರ್ಯಕ್ರಮದಲ್ಲಿ ಮರೂನ್ ಶಾಲು ಕುರ್ಚಿಯ ಮೊಳೆಗೆ ಸಿಕ್ಕಿ ಅಂಚು ಹರಿಯಿತು. ಮ್ಯಾನೇಜರ್ ತನ್ನ ಮಗುವೇ ಬಿತ್ತೆನ್ನುವ ಹಾಗೆ ಓಡಿಬಂದ. ಆಯಿ ಅದನ್ನು ಇಸಿದುಕೊಂಡು ತೊಡೆಯ ಮೇಲೆ ಹಾಸಿ ಮೂರು ದಿನ ರಫೂ ಮಾಡಿದರು. ಎಲ್ಲಿ ಹರಿದಿತ್ತು ಅಂತ ಹುಡುಕಿದರೂ ಸಿಗದ ಹಾಗೆ ಕೂಡಿಸಿದ್ದರು. ಒಳಮಗ್ಗುಲಿನ ಮೂಲೆಯಲ್ಲಿ ಮಾತ್ರ ಕೆಂಪು ದಾರದಲ್ಲಿ ಉಗುರಿನಷ್ಟು ಒಂದು ಮುಕ್ಕೋನ ಹಾಕಿದ್ದರು. ತಾವು ಕೈ ಇಟ್ಟ ಬಟ್ಟೆಗೆಲ್ಲ ಅದನ್ನು ಹಾಕುವುದು ಅವರ ರೂಢಿ. ಮುಂದಿನ ಕಾರ್ಯಕ್ರಮದಲ್ಲಿ ಅದೇ ಶಾಲನ್ನು ಅವರಿಗೇ ಹೊದಿಸಿ, ಅದನ್ನು ಸರಿ ಮಾಡಿದ್ದಕ್ಕೆ ಸನ್ಮಾನ ಮಾಡಿದರು. ಒಂದು ತಾಸಿನ ನಂತರ ಮ್ಯಾನೇಜರ್ ಎತ್ತಿಕೊಂಡ.

ನಾನು ಸೇರಿ ಒಂದೂವರೆ ತಿಂಗಳಾಗಿತ್ತು, ನನ್ನ ಬೆರಳ ಸಂದುಗಳಲ್ಲಿ ತುರಿಕೆ ಶುರುವಾಯಿತು. ಹಗಲು ಕಡಿಮೆ, ಮಲಗಿದ ಮೇಲೆ ಜಾಸ್ತಿ. ಮಣಿಕಟ್ಟಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಚರ್ಮದೊಳಗೆ ಕೂದಲೆಳೆಯಷ್ಟು ಗೆರೆ. ಕಜ್ಜಿ ಅಂತ ಹೇಳಲು ಡಾಕ್ಟರ್ ಬೇಕಿರಲಿಲ್ಲ, ಬೆಳವಣಕಿಯಲ್ಲಿ ಕೆಲಸ ಮಾಡುವಾಗ ಸಾಲೆಯ ಮಕ್ಕಳ ಕೈಯಲ್ಲಿ ನೂರಾರು ಸಲ ನೋಡಿದ್ದೆ. ಆದರೂ ನಾನು ಅದನ್ನು ಹೊಸ ಸೋಪಿನ ಅಲರ್ಜಿ ಅಂತ ಕರೆದೆ. ಸೋಂಕು ನಿಯಂತ್ರಣದವಳಿಗೇ ಕಜ್ಜಿ ಅಂತ ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ದಿನವಿಡೀ ಗ್ಲೌಸ್ ಹಾಕಿಕೊಂಡೆ. ಆಯಾಗೆ ಯಾವುದು ಬೇಡ ಅಂದಿದ್ದೆನೋ ಅದನ್ನು ನಾನೇ ಬೇರೆ ರೀತಿಯಲ್ಲಿ ಮಾಡಿದೆ. ಪ್ರತಿ ಗುರುವಾರ ಹಿರಿಯರ ಉಗುರು ತೆಗೆಯುವಾಗ ಮಾತ್ರ ಗ್ಲೌಸಿನಲ್ಲಿ ಕತ್ತರಿ ಜಾರುತ್ತಿತ್ತು, ಬಿಚ್ಚಿಟ್ಟು ಒಬ್ಬೊಬ್ಬರ ಕೈಯನ್ನು ನನ್ನ ಕೈಯಲ್ಲಿ ಬಹಳ ಹೊತ್ತು ಹಿಡಿದು ಕೂರುತ್ತಿದ್ದೆ. ಅವರಿಗೆ ಅದು ಬಹಳ ಇಷ್ಟವಾಗಿತ್ತು.

ಮುಂದೆ ತಿಂಗಳು ಕಳೆದಿರಬೇಕು. ಯಾರದೋ ಹುಟ್ಟುಹಬ್ಬದ ದಿನ ವೇದಿಕೆಯ ಮೇಲೆ ಕೂತಿದ್ದ ಆಯಿ, ಭಾಷಣ ನಡೆದಿರುವಾಗಲೇ ಸೆರಗಿನೊಳಗೆ ಕೈ ಹಾಕಿ ಪರಪರ ಕೆರೆದುಕೊಂಡರು. ಮೊಬೈಲ್ ಹಿಡಿದ ಹುಡುಗಿಯೊಬ್ಬಳು ಅದನ್ನು ನೋಡಿ ತನ್ನ ಕುರ್ಚಿಯನ್ನು ಹಿಂದೆ ಸರಿಸಿದಳು. ಮರುದಿನ ಸಮಿತಿಯ ತುರ್ತು ಸಭೆ. ಸಮಿತಿ ಹುಟ್ಟಿದ ಮೇಲೆ ಸೋಂಕಿನ ಸಲುವಾಗಿ ನಡೆದ ಮೊದಲ ಸಭೆ ಅದು.

ಸಭೆಯಲ್ಲಿ ರೋಗದ ಬಗ್ಗೆ ಯಾರೂ ಕೇಳಲಿಲ್ಲ, ತಂದವರು ಯಾರು ಅಂತ ಕೇಳಿದರು. ಮ್ಯಾನೇಜರ್ ಆಗಲೇ ಪತ್ತೆ ಮಾಡಿದ್ದ. ಎರಡು ವಾರದ ಹಿಂದೆ ಆಯಿ ಸಂಬಂಧಿಕರ ಮದುವೆಗೆಂದು ಗಜೇಂದ್ರಗಡಕ್ಕೆ ಹೋಗಿ ಎರಡು ದಿನ ಇದ್ದು ಬಂದಿದ್ದರು, ಅಲ್ಲಿಂದಲೇ ತಂದಿದ್ದಾರೆ ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಕಜ್ಜಿಯ ಹುಳ ಮೊದಲ ಸಲ ಮೈಗೆ ಹತ್ತಿದರೆ ತುರಿಕೆ ಶುರುವಾಗಲು ತಿಂಗಳು, ಒಂದೂವರೆ ತಿಂಗಳು ಬೇಕು. ಎರಡು ವಾರದ ಹಿಂದಿನ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಇದು ನರ್ಸಿಂಗ್ ಓದಿದ ಯಾರಿಗಾದರೂ ಗೊತ್ತಿರುವ ಮಾತು. ನಾನು ಮೇಜಿನ ಕೆಳಗೆ ಗ್ಲೌಸಿನ ಮೇಲಿನಿಂದ ಬೆರಳು ತಿಕ್ಕಿಕೊಳ್ಳುತ್ತ, ಇರಬಹುದು ಅಂದೆ.

ಆ ಒಂದು ಮಾತಿಗೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಒಬ್ಬರಿಗೆ ಕಜ್ಜಿಯಾದರೆ ಮನೆಯವರಿಗೆಲ್ಲ ಒಂದೇ ದಿನ ಮುಲಾಮು ಹಚ್ಚಬೇಕು, ಹಾಸಿಗೆ ಬಟ್ಟೆ ಎಲ್ಲ ಬಿಸಿನೀರಿಗೆ ಹಾಕಬೇಕು ಅಂತ ಸಭೆಯಲ್ಲಿ ಹೇಳಿದೆ, ಮೆಲ್ಲಗೆ ಹೇಳಿದೆ. ಅಧ್ಯಕ್ಷರು ಕೈ ಎತ್ತಿ ನಿಲ್ಲಿಸಿದರು. ಎಲ್ಲರಿಗೂ ಔಷಧ ಕೊಟ್ಟರೆ ಎಲ್ಲರಿಗೂ ರೋಗ ಇದೆ ಅಂತ ಊರೆಲ್ಲ ಸುದ್ದಿಯಾಗುತ್ತದೆ, ಹುಟ್ಟುಹಬ್ಬದವರು ಗದಗಿನ ಆಶ್ರಮಕ್ಕೆ ಹೋಗುತ್ತಾರೆ ಅಂದರು. ಹಿತ್ತಲಲ್ಲಿ ಜನರೇಟರಿನ ಪಕ್ಕ ತಗಡು ಹೊದಿಸಿದ ಒಂದು ಪತ್ರಾಸಿನ ಖೋಲಿ ಇತ್ತು. ಮ್ಯಾನೇಜರ್ ಅದರ ಬಾಗಿಲಿಗೆ ಐಸೋಲೇಶನ್ ವಾರ್ಡ್ ಅಂತ ನೀಲಿ ಬಣ್ಣದಲ್ಲಿ ಬರೆಸಿದ. ಒಳಗೆ ಒಬ್ಬರೇ ಮಲಗುವಷ್ಟು ಒಂದು ಕಬ್ಬಿಣದ ಕಾಟು ಹಾಕಿದರು. ತುರಿಕೆ ನಿಲ್ಲದಿದ್ದರೆ ತಿಂಗಳ ಕೊನೆಯೊಳಗೆ ಆಯಿಯನ್ನು ಅಣ್ಣನ ಮಗನ ಮನೆಗೆ ಕಳಿಸುವುದು ಅಂತ ಠರಾವು ಬರೆದರು. ಆರು ಮಂದಿಯ ಖೋಲಿಗೆ ಕಜ್ಜಿ ಹೊತ್ತ ಏಳನೆಯವರು. ಠರಾವಿನ ಕೆಳಗೆ ನನ್ನದೂ ಸಹಿ ಇದೆ.

ಆ ಸಂಜೆ ರೋಣದ ಬಸ್ ಇಳಿದವಳೇ ಮೆಡಿಕಲ್ ಅಂಗಡಿಗೆ ಹೋಗಿ, ಪಕ್ಕದ ಮನೆಯವರಿಗೆ ಅಂತ ಸುಳ್ಳು ಹೇಳಿ ಎರಡು ಟ್ಯೂಬ್ ಮುಲಾಮು ತಂದೆ. ಒಂದನ್ನು ನನ್ನ ಮೈಗೆಲ್ಲ ಹಚ್ಚಿಕೊಂಡೆ. ಇನ್ನೊಂದನ್ನು ಮರುದಿನ ಆಯಿಗೆ ಹಚ್ಚಿದೆ. ನಾನು ಮನೆಯಲ್ಲಿ ನನ್ನ ಮಂಚದ ಮೇಲೆ ಗುಣವಾದೆ. ಅವರು ಪತ್ರಾಸಿನ ಕೆಳಗೆ ಗುಣವಾದರು. ಹುಳ ಸತ್ತ ಮೇಲೂ ಎರಡು ಮೂರು ವಾರ ಮೈ ತುರಿಸುವುದುಂಟು. ನನಗೂ ತುರಿಸುತ್ತಿತ್ತು, ಆದರೆ ನಾನು ಕೆರೆದುಕೊಳ್ಳುವುದನ್ನು ನೋಡಲು ಯಾರೂ ನೇಮಕವಾಗಿರಲಿಲ್ಲ. ಆಯಿ ತೋಳು ತಿಕ್ಕಿಕೊಂಡರೆ ಮ್ಯಾನೇಜರ್ ಕಿಟಕಿಯಿಂದ ನೋಡಿ ಅಧ್ಯಕ್ಷರಿಗೆ ಫೋನ್ ಮಾಡುತ್ತಿದ್ದ.

ಇತ್ತ ಹಳೆಯ ಖೋಲಿಯಲ್ಲಿ ಕಣ್ಣಿಲ್ಲದ ಅಜ್ಜಿ ಊಟ ಬಿಡತೊಡಗಿದರು. ತಾಟು ಮುಂದಿಟ್ಟರೆ ಕೈ ಎತ್ತಿ, ಹಿಡಿದು ತೋರಿಸುವ ಕೈಗಾಗಿ ಕಾಯುವುದು. ನಾನು ಹಿಡಿದರೆ ಗ್ಲೌಸ್ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಳ್ಳುವುದು. ಆಯಿಯನ್ನು ಊರಿಗೆ ಕಳಿಸಿಬಿಟ್ಟಿರಾ ಅಂತ ದಿನಾ ಕೇಳುತ್ತಿದ್ದರು, ಇಲ್ಲೇ ಹಿತ್ತಲಲ್ಲಿದ್ದಾರೆ ಅಂದರೆ ನಂಬುತ್ತಿರಲಿಲ್ಲ. ಅರ್ಧ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದರು, ಆಯಿ ಬಂದರೆ ಬೇಕಲ್ಲ ಅಂತ. ಎರಡನೆಯ ವಾರ ಅವರೂ ಕೆರೆದುಕೊಳ್ಳತೊಡಗಿದರು. ಆಮೇಲೆ ಇನ್ನೂ ಮೂವರು ಅಜ್ಜಂದಿರು, ಆಯಾ, ಅಡುಗೆಯ ಮನೆಯ ಹೆಂಗಸು. ರೋಗ ತಂದವರನ್ನು ಹಿತ್ತಲಿಗೆ ಹಾಕಿದ ಮೇಲೂ ರೋಗ ಹಾಲ್‌ನಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು. ಮ್ಯಾನೇಜರ್ ಇದಕ್ಕೆ ಹವಾ ಕಾರಣ ಅಂದ.

ಒಂದು ಮಧ್ಯಾಹ್ನ ನಾನು ಊಟ ಕೊಡಲು ಹೋದಾಗ ಆಯಿ ರೊಟ್ಟಿ ಮುಟ್ಟಲಿಲ್ಲ. ತಮ್ಮ ಗೆಳತಿ ಉಂಡರೋ ಇಲ್ಲವೋ ಅಂತ ಕೇಳಿದರು. ಇಲ್ಲ ಅಂದೆ. ತಾಟನ್ನು ಪಕ್ಕಕ್ಕೆ ಸರಿಸಿ, ಮೆಲ್ಲಗೆ ಹೇಳಿದರು:

"ಅಕ್ಕಾರ, ನಾ ಮೂರು ದಿನ ಆ ಶಾಲು ತೊಡಿಮ್ಯಾಲ ಇಟ್ಕೊಂಡು ಕುಂತಿದ್ನಿ. ಅದು ಎಷ್ಟು ಮಂದಿ ಬೆವರು ಕುಡದೈತಿ ಅಂತ ನನಗ ಗೊತ್ತೈತಿ. ಅದನ್ನ ಯಾರೂ ಹಿತ್ತಲಕ ಹಾಕ್ಲಿಲ್ಲ ನೋಡ್ರಿ."

ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಶಾಲಿಗೆ ಅಪರಾಧ ಹೊರಿಸಬಹುದೆಂದು ಹೊಳೆದ ಕೂಡಲೇ ನನಗೆ ಎಷ್ಟು ಹಗುರವಾಯಿತೆಂದರೆ, ಆ ಹಗುರಕ್ಕೆ ನಾಚಿಕೆಯೂ ಆಯಿತು. ಕಜ್ಜಿ ಹೆಚ್ಚಾಗಿ ಮೈಯಿಂದ ಮೈಗೆ, ಕೈಯಿಂದ ಕೈಗೆ ಹತ್ತುತ್ತದೆ, ಬಟ್ಟೆಯದು ಅದರ ನಂತರದ ಪಾಲು. ಇದೂ ನರ್ಸಿಂಗ್ ಓದಿದವರಿಗೆ ಗೊತ್ತಿರುವ ಮಾತೇ.

ತಿಂಗಳ ಕೊನೆಯ ಭಾನುವಾರ ಅಧ್ಯಕ್ಷರದೇ ಅರವತ್ತನೆಯ ಹುಟ್ಟುಹಬ್ಬ ಬಂತು. ಮರುದಿನ ಸೋಮವಾರ ಆಯಿಯನ್ನು ಗಜೇಂದ್ರಗಡದ ಬಸ್ಸಿಗೆ ಹತ್ತಿಸುವುದೆಂದು ನಿಗದಿಯಾಗಿತ್ತು, ಅವರ ಗಂಟು ಕಟ್ಟಿ ಆಫೀಸಿನಲ್ಲಿಟ್ಟಿದ್ದರು. ಆಶ್ರಮದ ಅಂಗಳದಲ್ಲಿ ಪೆಂಡಾಲು, ಮಿರ್ಚಿ, ಹುಗ್ಗಿ, ಕೆನೆ ತುಂಬಿದ ಕೇಕು. ಟ್ರಂಕು ಪೂರ್ತಿ ಖಾಲಿಯಾಗುವಷ್ಟು ಸನ್ಮಾನಗಳು. ಅಧ್ಯಕ್ಷರಿಗೆ ಮರೂನ್ ಶಾಲೇ ಬಂತು, ಇದ್ದುದರಲ್ಲಿ ಅದರ ಜರಿಯೇ ಚೆನ್ನಾಗಿತ್ತು. ಅವರು ಭಾಷಣಕ್ಕೆ ನಿಂತು, ಹಿರಿಯರ ಸೇವೆಯೇ ತಮ್ಮ ಉಸಿರು ಅಂತ ಹೇಳುತ್ತ ಎಡಗೈಯಿಂದ ಸೊಂಟದ ಪಟ್ಟಿಯ ಹತ್ತಿರ ಕೆರೆದುಕೊಂಡರು. ಎರಡು ವಾರದಿಂದ ಅವರು ಹಾಗೆ ಕೆರೆದುಕೊಳ್ಳುತ್ತಿದ್ದುದನ್ನು ನಾನು ಬಲ್ಲೆ. ಅಂಗಡಿಯಲ್ಲಿ ಗೋವಿನಜೋಳದ ಧೂಳು ಅಂತ ಅವರೇ ಎಲ್ಲರಿಗೂ ಕಾರಣ ಹೇಳಿದ್ದರು. ಎರಡು ಮೂರು ತಿಂಗಳಿಂದ ಪ್ರತಿ ಕಾರ್ಯಕ್ರಮದಲ್ಲೂ ಶಾಲು ಹೊದಿಸಿಕೊಂಡವರು ಅವರು, ಧೂಳಿಗೂ ಸ್ವಲ್ಪ ನ್ಯಾಯ ಸಿಗಬೇಕಿತ್ತು.

ಭಾಷಣ ಮುಗಿದು ಅವರು ಕುರ್ಚಿಗೆ ಒರಗಿದಾಗ ಶಾಲಿನ ಮೂಲೆ ಮಡಚಿ ಹೊರಗೆ ಬಿತ್ತು. ಕೆಂಪು ದಾರದ ಮುಕ್ಕೋನ ಎದುರಿಗೇ ಕಾಣಿಸಿತು. ನಾನು ಶಾಲು ಸರಿಮಾಡುವವಳ ಹಾಗೆ ವೇದಿಕೆ ಹತ್ತಿ, ಅವರ ಕಿವಿಯ ಹತ್ತಿರ ಬಗ್ಗಿದೆ. ಮೈಕಿನ ಗದ್ದಲದಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಕೇಳಿಸುವಂತಿರಲಿಲ್ಲ.

"ಸಾವ್ಕಾರ್ರ, ಈ ಮೂಲ್ಯಾಗಿನ ಕೆಂಪು ದಾರ ನೋಡ್ರಿ. ಇದು ಆಯಿ ರಫೂ ಮಾಡಿದ ಶಾಲು. ಅವರ ಮೈಮ್ಯಾಲ ಇತ್ತು, ಈಗ ನಿಮ್ಮ ಮೈಮ್ಯಾಲ ಐತಿ. ನಾಳಿ ಗಜೇಂದ್ರಗಡದ ಬಸ್ಸಿಗೆ ಎರಡು ಸೀಟು ಹಿಡೀಲೇನ್ರಿ?"

ಅವರ ಕೈ ಸೊಂಟದ ಹತ್ತಿರವೇ ನಿಂತಿತು. ಮುಖದ ನಗು ಫೋಟೋದವನ ಸಲುವಾಗಿ ಹಾಗೇ ಉಳಿದಿತ್ತು. ನಗುತ್ತಲೇ, ತುಟಿ ಅಲುಗದ ಹಾಗೆ ಏನು ಮಾಡಬೇಕು ಅಂತ ಕೇಳಿದರು. ಎಲ್ಲರಿಗೂ ಒಂದೇ ದಿನ ಅಂದೆ. ನಿಮಗೂ, ನಿಮ್ಮ ಮನೆಯವರಿಗೂ. ತಲೆ ಅಲ್ಲಾಡಿಸಿದರು. ಅವರ ಕಿವಿಯಲ್ಲಿ ನಾನು ಹೇಳಿದ್ದು ಆ ಶಾಲು ಹೊತ್ತ ಇಬ್ಬರ ಸುದ್ದಿ ಮಾತ್ರ. ಮೊದಲ ದಿನವೇ ಅದನ್ನು ಹೊತ್ತಿದ್ದ ಮೂರನೆಯವಳ ಹೆಸರು ನಾನು ಹೇಳಲಿಲ್ಲ.

ಸೋಮವಾರದ ಬಸ್ಸು ಆಯಿಯನ್ನು ಬಿಟ್ಟು ಹೋಯಿತು, ಮಂಗಳವಾರ ಕೆಲಸ ಶುರುವಾಯಿತು. ಅಧ್ಯಕ್ಷರು ಒಂದೇ ಒಂದು ಶರತ್ತು ಹಾಕಿದ್ದರು, ಕಜ್ಜಿ ಎಂಬ ಶಬ್ದ ಎಲ್ಲೂ ಬರಬಾರದು. ಹೀಗಾಗಿ ಬ್ಯಾನರಿನಲ್ಲಿ ಚರ್ಮ ಸೌಂದರ್ಯ ಶಿಬಿರ ಅಂತ ಬರೆಸಿದರು. ತೊಂಬತ್ತರ ಅಜ್ಜಂದಿರು ಸೌಂದರ್ಯ ಶಿಬಿರಕ್ಕೆ ಸಾಲಾಗಿ ಕೂತರು. ಉದ್ಘಾಟನೆಗೆ ಬಂದ ಚರ್ಮದ ಡಾಕ್ಟರಿಗೆ ಮ್ಯಾನೇಜರ್ ರೂಢಿಯ ಮೇಲೆ ಶಾಲು ಬಿಚ್ಚಿ ಹಿಡಿದ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಅದೇ ಹೊತ್ತಿಗೆ ನಾನು ಅವನ ಕೈಯಿಂದ ಅದನ್ನೂ ಟ್ರಂಕಿನಿಂದ ಉಳಿದವನ್ನೂ ತೆಗೆದುಕೊಂಡು ಹಿತ್ತಲಿನ ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಗೆ ಹಾಕಿದೆ. ಜರಿಯೆಲ್ಲ ಕಪ್ಪಾಯಿತು. ಮ್ಯಾನೇಜರ್ ಹಂಡೆಯ ಪಕ್ಕ ನಿಂತು ನೋಡುತ್ತಿದ್ದ, ಆ ದಿನ ಅವನ ಮೇಲೂ ನನಗೆ ಸ್ವಲ್ಪ ಕರುಣೆ ಬಂತು.

ತೊಳೆಯಲು ಬಾರದ ಗಾದಿ ದಿಂಬುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿಟ್ಟೆವು. ಸಂಜೆ ನಾನೂ ಆಯಾಳೂ ಎಲ್ಲರಿಗೂ ಕುತ್ತಿಗೆಯಿಂದ ಅಂಗಾಲಿನ ತನಕ ಮುಲಾಮು ಹಚ್ಚಿದೆವು, ಒಬ್ಬೊಬ್ಬರಿಗೆ ಹೊಸ ಗ್ಲೌಸ್. ಆಯಾ ಪ್ರತಿ ಸಲ ಬಿಚ್ಚಿ ಬಿಸಾಡುವಾಗ ಉಸಿರು ಬಿಡುತ್ತಿದ್ದಳು. ಕಣ್ಣಿಲ್ಲದ ಅಜ್ಜಿ ಮೈ ಮುಟ್ಟಗೊಡಲಿಲ್ಲ. ನಾಳೆ ಬೆಳಿಗ್ಗೆ ಸ್ನಾನವಾದ ಮೇಲೆ ಆಯಿ ಇದೇ ಖೋಲಿಗೆ ಬರುತ್ತಾರೆ ಅಂದೆ. ಹುಗ್ಗಿಯ ಹಾಗೆ ಆಗಬಾರದು ನೋಡಿರಿ ಅಂತ ಎಚ್ಚರಿಸಿ, ಆಮೇಲೆ ತೋಳು ಮುಂದೆ ಮಾಡಿದರು.

ಎಲ್ಲರದೂ ಮುಗಿಸಿ ಕೊನೆಗೆ ಪತ್ರಾಸಿನ ಖೋಲಿಗೆ ಹೋದೆ. ಬಿಸಿಲು ಗುಡ್ಡದ ಹಿಂದೆ ಇಳಿದಿತ್ತು, ಪತ್ರಾಸು ಇನ್ನೂ ಕಾವಿನಲ್ಲೇ ಇತ್ತು. ಗಂಟು ಆಫೀಸಿನಿಂದ ವಾಪಸ್ ಬಂದಿದೆ, ಇನ್ನು ಯಾರೂ ನಿಮ್ಮನ್ನು ಕಳಿಸುವುದಿಲ್ಲ, ಎಲ್ಲ ತಪ್ಪೂ ಶಾಲಿನದೇ ಅಂತ ಸಾವುಕಾರರು ಒಪ್ಪಿದ್ದಾರೆ ಅಂತ ಹೇಳಿದೆ. ಬಹಳ ಉತ್ಸಾಹದಿಂದಲೇ ಹೇಳಿದೆ. ಆಯಿ ಕಾಟಿನ ಮೇಲೆ ಸರಿದು ನನಗೆ ಕೂರಲು ಜಾಗ ಮಾಡಿದರು. ಗ್ಲೌಸಿನ ಡಬ್ಬಿ ಖಾಲಿಯಾಗಿತ್ತು, ಬರಿಗೈಯಲ್ಲೇ ಹಚ್ಚತೊಡಗಿದೆ. ಆಗ ಅವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ನನ್ನ ಬೆರಳ ಸಂದುಗಳನ್ನು ಒಂದೊಂದಾಗಿ ಸವರಿ ನೋಡಿದರು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ.

"ನಿಮಗ ಪೂರಾ ಕಡಿಮಿ ಆತಲ್ರಿ ಅಕ್ಕಾರ," ಅಂದರು.

ಯಾವಾಗ ನೋಡಿದಿರಿ ಅಂತ ಕೇಳಿದೆ. ಗುರುವಾರ ನೀವು ನನ್ನ ಉಗುರು ತೆಗೆಯುವಾಗ ನಿಮ್ಮ ಕೈ ನೋಡಿದೆ, ಆಗ ನನಗಿನ್ನೂ ತುರಿಕೆ ಇರಲಿಲ್ಲ ಅಂದರು. ಅಂದರೆ ಸಭೆ ನಡೆದಾಗ, ಠರಾವಿಗೆ ನಾನು ಸಹಿ ಹಾಕಿದಾಗ, ಈ ಖೋಲಿಯ ಬಾಗಿಲು ನಾನೇ ಎಳೆದುಕೊಂಡು ಹೋದಾಗ, ಅವರಿಗೆ ಎಲ್ಲ ಗೊತ್ತಿತ್ತು. ಮತ್ತೇಕೆ ಒಬ್ಬರಿಗೂ ಹೇಳಲಿಲ್ಲ ಅಂತ ಕೇಳಿದೆ. ಅವರು ನನ್ನ ಕೈಯನ್ನು ಬಿಟ್ಟು, ಮುಲಾಮು ಹಚ್ಚಲು ತಮ್ಮ ಇನ್ನೊಂದು ತೋಳನ್ನು ಮುಂದೆ ಚಾಚಿದರು.

"ಹೇಳಿ ಏನ್ ಮಾಡೂದಿತ್ರಿ," ಅಂದರು. "ಇಲ್ಲಿ ಇರೂದು ಒಂದ ಕಾಟು."